ಧರ್ಮಪತ್ನಿ ದಾನಮ್ಮ ಸಮೇತ

ಕುಕ್ಕರ್ ಸೀಟಿ ಹಾಕುವುದರೊಳಗೆ ತನ್ನ ಗಂಡನಿಗೆ ಇನ್ನೊಬ್ಬ ಹೆಂಡತಿ ಇರುವ ಸಂಗತಿ ಅಪೇಕ್ಷಾಳಿಗೆ ತಿಳಿಯಿತು. ತಿಳಿಸಿದವರು ಅತ್ತೆ ಗಂಗಮ್ಮ. ಅವರು ಆಗಷ್ಟೇ ಮಂದಿರದಿಂದ ಬಂದು, ಒದ್ದೆ ಕೊಡೆಯನ್ನು ಬಾಲ್ಕನಿಯಲ್ಲಿ ಬಿಡಿಸಿಟ್ಟು, ಕನ್ನಡಕ ಹಾಕಿಕೊಂಡು ಸೇವೆಯ ಚೀಟಿಯನ್ನು ಓದುತ್ತಿದ್ದರು.

"ಅಪೇಕ್ಷಾ, ಇಲ್ಲಿ ಬಾ. ಈ ದಾನಮ್ಮ ಯಾರು?"

"ಯಾವ ದಾನಮ್ಮ ಅತ್ತೆ?"

"ನನ್ನನ್ನು ಕೇಳಿದರೆ? ನಿನ್ನ ಗಂಡನ ಹೆಂಡತಿ."

ಚೀಟಿಯಲ್ಲಿ ಹಾಗೆಯೇ ಇತ್ತು. ಕಾಶ್ಯಪ ಗೋತ್ರ, ಮಖಾ ನಕ್ಷತ್ರ, ಮಯೂರ್, ಧರ್ಮಪತ್ನಿ ದಾನಮ್ಮ, ಪುತ್ರಿ ಅಮೂಲ್ಯಾ. ಹೆಸರು ಗಂಡನದೇ, ಮಗಳೂ ಅವರದೇ. ಹೆಂಡತಿ ಮಾತ್ರ ಬೇರೆ, ಗೋತ್ರವೂ ಬೇರೆ. ಅವರದು ವಿಶ್ವಾಮಿತ್ರ ಗೋತ್ರ.

ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದ ಮಯೂರ್ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದ. ಠಾಣೆ ಊರಿನ ಹೊಟೇಲೊಂದರಲ್ಲಿ ಮ್ಯಾನೇಜರ್ ಆಗಿದ್ದವನಿಗೆ ಯಾವುದಕ್ಕೂ ಗಾಬರಿಯಾಗುವ ಅಭ್ಯಾಸವಿರಲಿಲ್ಲ.

"ಜೋಳದ ರೊಟ್ಟಿ ಮಾಡ್ತಾಳೋ ಏನೋ," ಎಂದ.

"ನಗಬೇಡ. ಭಟ್ರು ಇದನ್ನೇ ದೇವರ ಎದುರು ಗಟ್ಟಿಯಾಗಿ ಓದಿದ್ದು. ದೇವರು ಪುಣ್ಯ ಕೊಟ್ಟರೆ ಯಾರಿಗೆ ಹೋಯಿತು ಈಗ?" ಎಂದರು ಗಂಗಮ್ಮ.

ಮಯೂರನಿಗೆ ದಾನಮ್ಮ ಸಿಕ್ಕಿದ್ದರೆ, ದಾನಮ್ಮನ ಗಂಡನ ಚೀಟಿಯಲ್ಲಿ ತಾನು ಇರಬಹುದು ಎಂದು ಅಪೇಕ್ಷಾಳಿಗೆ ಹೊಳೆಯಿತು. ಅದನ್ನು ಅತ್ತೆಯ ಎದುರು ಹೇಳುವ ಅಗತ್ಯ ಕಾಣಲಿಲ್ಲ. ಆ ಚೀಟಿಯನ್ನು ಮುದ್ರಿಸುವ ಸರ್ವರ್ ಅವಳ ಆಫೀಸಿನದು ಎಂಬುದು ಅತ್ತೆಗೆ ಹೇಗೂ ಗೊತ್ತಿತ್ತು. ಹಾಗೆ ಗೊತ್ತಿದ್ದುದರಿಂದಲೇ ಅವರು ಚೀಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಗೆ ಆನಿಸಿ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು.

ಅಮೂಲ್ಯಾ ಹುಟ್ಟಿದ ಮೇಲೆ ಅಪೇಕ್ಷಾ ಕೆಲಸ ಬಿಟ್ಟಿದ್ದಳು. ಮಗಳು ಮೂರನೇ ಕ್ಲಾಸಿಗೆ ಬಂದಾಗ ಮತ್ತೆ ಹುಡುಕತೊಡಗಿದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಇಷ್ಟು ವರ್ಷ ಏನು ಮಾಡುತ್ತಿದ್ದಿರಿ? ಅವಳು ಮಾಡಿದ್ದನ್ನು ಹೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ಏನೂ ಮಾಡಲಿಲ್ಲ ಎಂದರೆ ಚೆನ್ನಾಗಿ ಅರ್ಥವಾಗುತ್ತಿತ್ತು. ಕೊನೆಗೆ ತುರ್ಭೆಯಲ್ಲಿ, ಥರ್ಮೋಕೋಲ್ ಡಬ್ಬಿ ಮಾಡುವ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ, ಕೌಶಲ್ ಎಂಬ ಹುಡುಗ ಆ ಪ್ರಶ್ನೆ ಕೇಳದೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡ. ಮಂದಿರಗಳ ಸೇವೆ, ಪೂಜೆ, ಸಂಕಲ್ಪಗಳನ್ನು ಫೋನಿನಿಂದಲೂ ಕೌಂಟರಿನಿಂದಲೂ ಬರೆಸಿಕೊಳ್ಳುವ ವ್ಯವಸ್ಥೆ ಅವನ ಕಂಪನಿಯದು. ಕಂಪನಿ ಎಂದರೆ ಅವನೇ, ಮತ್ತೆ ಪಾರ್ಟ್‌ಟೈಮ್ ಬರುವ ಒಬ್ಬರು. ಅಪೇಕ್ಷಾ ಟ್ರಯಲ್ ಮೇಲಿದ್ದಳು.

ಟ್ರಯಲಿನ ಗಡುವನ್ನು ಕೌಶಲ್ ತಿಂಗಳಲ್ಲಿ ಹೇಳದೆ ಹಬ್ಬದಲ್ಲಿ ಹೇಳಿದ್ದ. ಗಂಗಮ್ಮ ಹೋಗುವ ಡೊಂಬಿವಲಿಯ ಮಂದಿರ ತುಳುನಾಡಿನವರ ಮಂಡಳಿಯದು. ಅಲ್ಲಿ ನಾಗನ ಕಟ್ಟೆ ಇದೆ. ನಾಗರಪಂಚಮಿಯ ದಿನ ಠಾಣೆಯಿಂದ ಹಿಡಿದು ಕಲ್ಯಾಣದವರೆಗಿನ ಊರಿನವರೆಲ್ಲ ತನು ಎರೆಯಲು, ಎಂದರೆ ನಾಗನಿಗೆ ಹಾಲು, ಎಳನೀರು ಅರ್ಪಿಸಲು, ಅಲ್ಲಿಗೇ ಬರುತ್ತಾರೆ. ಆ ದಿನ ಸರ್ವರ್ ಸುಸೂತ್ರವಾಗಿ ನಡೆದರೆ ಕಲ್ಯಾಣದ ಮಂದಿರವೂ ಇದೇ ವ್ಯವಸ್ಥೆಗೆ ಸೇರುತ್ತದೆ, ಅಪೇಕ್ಷಾ ಕಾಯಂ ಆಗುತ್ತಾಳೆ. ಇಲ್ಲವಾದರೆ ಮಂಡಳಿಯ ಅಧ್ಯಕ್ಷ ಗುಣಪಾಲ ಶೆಟ್ಟರು ಹಳೆಯ ರಸೀದಿ ಪುಸ್ತಕಕ್ಕೆ ಮರಳುತ್ತಾರೆ. ಆಗ ಅವಳಿಗೆ ಕೊಡಲು ಕೌಶಲ್ ಬಳಿ ಕೆಲಸವೇ ಇರುವುದಿಲ್ಲ.

"ಅಕ್ಕಾ, ಪರ್ಸನಲ್ ಏನೂ ಇಲ್ಲ," ಎಂದಿದ್ದ. ಅವನ ತಂದೆತಾಯಿ ವಿಜಯಪುರದ ಕಡೆಯವರು, ಮನೆ ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ. ಅಲ್ಲೇ ಹುಟ್ಟಿ ಬೆಳೆದವನ ಬಾಯಲ್ಲಿ ಕನ್ನಡವೂ ಹಿಂದಿಯೂ ಒಂದೇ ಲೋಕಲ್ ಟ್ರೇನ್‌ನಲ್ಲಿ ಜೋತುಬಿದ್ದು ಬರುತ್ತಿದ್ದವು.

ಮಾರನೆಯ ದಿನ ಅವಳು ದಾನಮ್ಮನ ಚೀಟಿಯನ್ನು ಅವನ ಮುಂದಿಟ್ಟಳು.

ಕೌಶಲ್ ಬಹಳ ಹೊತ್ತು ನೋಡಿದ. "ಲಾಕ್ ತೆಗೆದಿದ್ದಕ್ಕ ಆಗಿದ್ದು ಇದು," ಎಂದ.

ಅದರ ಹಿಂದೆ ಒಂದು ಕಥೆ ಇತ್ತು. ಮಂದಿರದಿಂದ ಮಂದಿರಕ್ಕೆ ಸಂಕಲ್ಪದ ಕ್ರಮ ಬೇರೆ. ಒಂದು ಕಡೆ ಗೋತ್ರ ಮೊದಲು, ಇನ್ನೊಂದು ಕಡೆ ನಕ್ಷತ್ರ ಮೊದಲು. ಒಬ್ಬರು ಮಕ್ಕಳ ಹೆಸರು ಸೇರಿಸುತ್ತಾರೆ, ಇನ್ನೊಬ್ಬರು ಸಕುಟುಂಬ ಎಂದು ಮುಗಿಸುತ್ತಾರೆ. ಭಟ್ಟರು ಬದಲಾದರೆ ಕ್ರಮವೂ ಬದಲು. ಹೀಗೆ ಬದಲಾದಾಗಲೆಲ್ಲ ಸರ್ವರನ್ನೇ ಬಿಚ್ಚಿ ಕಟ್ಟುವುದು ಆಗದ ಮಾತೆಂದು ಕೌಶಲ್ ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಸ್ಕ್ರಿಪ್ಟ್ ಭಾಷೆಯನ್ನು ಕೂರಿಸಿದ್ದ. ಮಂದಿರದ ನಿಯಮಗಳನ್ನು ಆ ಭಾಷೆಯಲ್ಲಿ ನಾಲ್ಕು ಸಾಲು ಬರೆದರಾಯಿತು, ಸರ್ವರಿನೊಳಗಿನ ಇಂಟರ್‌ಪ್ರಿಟರ್ ಓದಿ ನಡೆಸುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಸರ್ವರಿನಲ್ಲಿ ದುಡಿಯುವ ಥ್ರೆಡ್‌ಗಳು, ಎಂದರೆ ಒಂದೇ ಹೊತ್ತಿಗೆ ಓಡುವ ಕೆಲಸದ ಎಳೆಗಳು, ಹಲವು. ಕೌಂಟರಿನಿಂದ ಒಬ್ಬರು, ಫೋನಿನಿಂದ ಒಬ್ಬರು ಒಂದೇ ಗಳಿಗೆಯಲ್ಲಿ ಸೇವೆ ಬರೆಸಿದರೆ ಇಬ್ಬರನ್ನೂ ಎರಡು ಥ್ರೆಡ್‌ಗಳು ಒಟ್ಟಿಗೇ ಎತ್ತಿಕೊಳ್ಳುತ್ತವೆ. ಇಂಟರ್‌ಪ್ರಿಟರ್ ಮಾತ್ರ ಒಂದೇ.

ಮೊದಮೊದಲು ಅದಕ್ಕೆ ಒಂದು ಲಾಕ್ ಇತ್ತು. ಒಂದು ಥ್ರೆಡ್ ಒಳಗೆ ಹೋದರೆ ಉಳಿದವು ಹೊರಗೆ ಕಾಯಬೇಕು. ಯಾರ ಹೆಂಡತಿಯೂ ಅದಲುಬದಲಾಗುತ್ತಿರಲಿಲ್ಲ. ಆದರೆ ರಾಮನವಮಿಯ ದಿನ ಮಂದಿರದ ಸಾಲು ವಡಾಪಾವ್ ಗಾಡಿಯನ್ನು ದಾಟಿ ರಿಕ್ಷಾ ಸ್ಟ್ಯಾಂಡಿನವರೆಗೆ ಹೋಯಿತು. ರಿಕ್ಷಾದವರು ಬೈದರು, ವಡಾಪಾವಿನವನು ಹೆಚ್ಚು ಬಟಾಟೆ ಬೇಯಿಸಿದ. ಗುಣಪಾಲ ಶೆಟ್ಟರು ಫೋನಿನಲ್ಲಿ ಹೇಳಿದ ಮಾತಿಗೆ ಕೌಶಲ್ ಹೆದರಿ ಲಾಕ್ ತೆಗೆದುಬಿಟ್ಟ. ಸಾಲು ಕರಗಿತು. ಆಮೇಲೆ ಸರ್ವರ್ ಆಗೊಮ್ಮೆ ಈಗೊಮ್ಮೆ ಕುಸಿದುಬಿದ್ದು ತಾನೇ ಏಳುತ್ತಿತ್ತು. ಅದನ್ನು ಅವನು ಡೊಂಬಿವಲಿಯ ಕರೆಂಟಿನ ತಲೆಗೆ ಕಟ್ಟಿದ್ದ.

"ಮತ್ತೆ ಇಷ್ಟು ದಿನ ಯಾರೂ ದೂರು ಹೇಳಲಿಲ್ಲವಾ?"

"ಒಬ್ಬರೂ ಇಲ್ಲ. ಕಸಮ್ ಸೇ."

ಅದು ಅಪೇಕ್ಷಾಳಿಗೆ ವಿಚಿತ್ರವೆನಿಸಿತು. ಸ್ಕ್ರಿಪ್ಟ್ ತೆರೆದು ನೋಡಿದ ಮೇಲೆ ವಿಚಿತ್ರವೆನಿಸಲಿಲ್ಲ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ರೂಢಿ. ಮಂದಿರಕ್ಕೆ ಬರುವವರಲ್ಲಿ ಶೆಟ್ಟರು, ಪೂಜಾರಿ ಮನೆತನದವರು, ಮೊಗವೀರರು ಬಹಳ. ಅವರ ಮನೆಗಳಲ್ಲಿ ತಾಯಿಯ ಕಡೆಯಿಂದ ಬರುವ, ಬಳಿ ಎಂಬ ಕುಲದ ಹೆಸರು ಕೇಳುತ್ತಾರೆಯೇ ಹೊರತು ಗೋತ್ರ ಕೇಳುವವರಿಲ್ಲ. ಹಾಗಾಗಿ ಕೌಶಲ್ ಮೊದಲ ಸಾಲಿನಲ್ಲೇ ಗೋತ್ರವನ್ನು ಕಾಶ್ಯಪ ಎಂದು ಬರೆದು, ಭಕ್ತರು ಬೇರೆ ಕೊಟ್ಟಿದ್ದರೆ ಮುಂದೆ ಬದಲಿಸಿದ್ದ. ಆ ಗೋತ್ರವೂ ಆ ಹೆಸರುಗಳೂ ಇದ್ದದ್ದು ಎಲ್ಲ ಥ್ರೆಡ್‌ಗಳೂ ಬರೆಯುವ ಒಂದೇ ಸಾರ್ವಜನಿಕ ಹಲಗೆಯ ಮೇಲೆ. ಒಂದು ಥ್ರೆಡ್ ವಿಶ್ವಾಮಿತ್ರ ಎಂದು ಬರೆದಿಟ್ಟು ಆಚೆ ತಿರುಗುವುದರೊಳಗೆ ಇನ್ನೊಂದು ಬಂದು ಕಾಶ್ಯಪ ಎಂದು ಒರೆಸಿ ಬರೆದರೆ ಮೊದಲಿನದಕ್ಕೆ ತಿಳಿಯುವುದೇ ಇಲ್ಲ. ಕೇಳಿದವರಿಗೂ ತಿಳಿಯುವುದಿಲ್ಲ. ಸಂಕಲ್ಪದಲ್ಲಿ ಕಾಶ್ಯಪ ಕಿವಿಗೆ ಬಿದ್ದರೆ ಯಾರೂ ತಲೆಯೆತ್ತುವುದಿಲ್ಲ. ಹೀಗೆ ರಾಮನವಮಿಯಿಂದ ಈಚೆಗೆ ಡೊಂಬಿವಲಿಯ ಬಹುಪಾಲು ಜನ ಸದ್ದಿಲ್ಲದೆ ಕಶ್ಯಪ ಋಷಿಯ ವಂಶಕ್ಕೆ ಸೇರಿದ್ದರು.

"ಅಕ್ಕಾ, ಎರಡೇ ಆಪ್ಷನ್," ಎಂದ ಕೌಶಲ್. "ಲಾಕ್ ಇದ್ರ ಸ್ಲೋ. ಲಾಕ್ ಇಲ್ಲಾಂದ್ರ ದಾನಮ್ಮ. ಬೋಲೋ."

"ಮೂರನೇದು ಉಂಟು. ಪ್ರತಿ ಥ್ರೆಡ್ಡಿಗೂ ಅದರದ್ದೇ ಇಂಟರ್‌ಪ್ರಿಟರ್ ಕೊಡುವ."

"ಮೆಮೊರಿ ತಿಂತದ."

"ಎಷ್ಟು ತಿಂತದೆ ಅಂತ ನೋಡಿದ್ದೀಯಾ?"

"ನೋಡಿಲ್ಲ. ಆದ್ರ ತಿಂತದ."

ಅವಳು ನೋಡಿದಳು. ಎಲ್ಲ ಥ್ರೆಡ್‌ಗಳಿಗೂ ಒಂದೊಂದು ಕೊಟ್ಟರೂ, ಮಂದಿರದ ವೆಬ್‌ಸೈಟಿನ ಮುಖಪುಟದಲ್ಲಿ ಅಧ್ಯಕ್ಷರು ಹಾರ ಹಾಕಿಸಿಕೊಂಡ ಫೋಟೋ ತಿನ್ನುವಷ್ಟನ್ನು ತಿನ್ನುತ್ತಿರಲಿಲ್ಲ. ಪ್ರತಿ ಭಕ್ತರಿಗೂ ಹೊಸ ಇಂಟರ್‌ಪ್ರಿಟರ್ ಹುಟ್ಟಿಸಿ ಕೊಲ್ಲೋಣ ಎಂದು ಕೌಶಲ್ ಇನ್ನೊಂದು ದಾರಿ ಹೇಳಿದ. ಅದನ್ನೂ ಮಾಡಿ ನೋಡಿದಳು. ಒಂದೊಂದು ಸಲವೂ ಇಪ್ಪತ್ತೇಳು ನಕ್ಷತ್ರಗಳನ್ನು ಮೊದಲಿನಿಂದ ಕಲಿತು ಬರುವಷ್ಟರಲ್ಲಿ ಸಾಲು ಮತ್ತೆ ರಿಕ್ಷಾ ಸ್ಟ್ಯಾಂಡ್ ಮುಟ್ಟುತ್ತಿತ್ತು. ಥ್ರೆಡ್ಡಿಗೊಂದು, ಕಲಿಯುವುದು ಒಂದೇ ಸಲ, ಪ್ರತಿ ಭಕ್ತರು ಹೋದ ಮೇಲೆ ಹೆಸರು ಗೋತ್ರಗಳನ್ನು ಒರೆಸಿ ಚೊಕ್ಕ ಮಾಡುವುದು; ಕೊನೆಗೆ ನಿಂತದ್ದು ಅದೇ.

ಈ ಕೆಲಸ ಅವಳು ಮಾಡಿದ್ದು ಸಿಕ್ಕ ಸಿಕ್ಕ ಹೊತ್ತಿನಲ್ಲಿ. ಬೆಳಿಗ್ಗೆ ದೋಸೆ ಕಾವಲಿ ಕಾಯುವಷ್ಟು ಹೊತ್ತು, ಠಾಣೆಯಲ್ಲಿ ಇಳಿದು ವಾಶಿ ಗಾಡಿಗೆ ಕಾಯುವ ಹೊತ್ತು, ಅಮೂಲ್ಯಾ ಮಗ್ಗಿ ಒಪ್ಪಿಸುವ ಹೊತ್ತು.

"ಮಮ್ಮಾ, ಲಾಕ್ ಮ್ಹಣಜೆ ಕಾಯ್?" ಲಾಕ್ ಎಂದರೇನೆಂದು ಒಮ್ಮೆ ಮಗಳು ಕೇಳಿದಳು. ಮನೆಯಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡಿಸಿದರೂ ಅವಳು ಉತ್ತರಿಸುವುದು ಮರಾಠಿಯಲ್ಲಿ.

"ನಮ್ಮ ಮನೆಯಲ್ಲಿ ಬಾತ್ರೂಮು ಎಷ್ಟು?"

"ಏಕ್."

"ಅಪ್ಪ ಸ್ನಾನಕ್ಕೆ ಹೋದರೆ ಏನು ಮಾಡ್ತಾರೆ?"

"ಕಡಿ ಲಾವತಾತ್. ಆಣಿ ಗಾಣಂ ಮ್ಹಣತಾತ್."

"ಹೌದು, ಚಿಲಕ ಹಾಕ್ತಾರೆ, ಹಾಡ್ತಾರೆ. ಆದರೆ ಅಪ್ಪ ಸ್ನಾನ ಮಾಡ್ತಾರೆ ಅಂತ ಇಡೀ ಮನೆಗೆ ಬೀಗ ಹಾಕಿ ನಮ್ಮನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿದರೆ? ಕೌಶಲ್ ಅಂಕಲ್ ಅದನ್ನೇ ಮಾಡಿದ್ದು."

ಅಮೂಲ್ಯಾ ಒಂದು ಕ್ಷಣ ಯೋಚಿಸಿ, ಹಾಗಾದರೆ ಶಾಲೆಗೆ ಹೋಗಬೇಕಿಲ್ಲವಲ್ಲ ಎಂದು ಮರಾಠಿಯಲ್ಲಿ ಸಂತೋಷಪಟ್ಟಳು.

ಪರೀಕ್ಷೆಗೆ ಅಪೇಕ್ಷಾ ತರಕಾರಿಗಳನ್ನು ಭಕ್ತರನ್ನಾಗಿ ಮಾಡಿದಳು. ತೊಂಡೆಕಾಯಿ ಗೋತ್ರದ ತೊಂಡೆಕಾಯಿ, ಧರ್ಮಪತ್ನಿ ತೊಂಡೆಕಾಯಿ, ಪುತ್ರ ತೊಂಡೆಕಾಯಿ. ಹಾಗೆಯೇ ಹೀರೆಕಾಯಿಯ ಕುಟುಂಬ, ಅಲಸಂಡೆಯ ಕುಟುಂಬ. ಇವರೆಲ್ಲರನ್ನೂ ಒಟ್ಟಿಗೆ ಸರ್ವರಿನ ಮೇಲೆ ಬಿಟ್ಟರೆ, ಎಲ್ಲಿಯಾದರೂ ತೊಂಡೆಕಾಯಿಗೆ ಹೀರೆಕಾಯಿ ಹೆಂಡತಿಯಾಗಿ ಬಂದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಯಾರ ಸಂಸಾರವೂ ಕೆಡಲಿಲ್ಲ. ಆದರೆ ತೊಂಡೆಕಾಯಿಯ ರಾಶಿ ಮಾತ್ರ ನಡುನಡುವೆ ಮೇಷದಿಂದ ಸಿಂಹಕ್ಕೆ ಹೋಗಿ ಬರುತ್ತಿತ್ತು. ಹುಡುಕುತ್ತ ಹೋದಾಗ ಸಿಕ್ಕಿದ್ದು, ಸ್ಕ್ರಿಪ್ಟಿನ ಕೆಳಗೆ ಪಂಚಾಂಗ ಲೆಕ್ಕ ಹಾಕುವ ಯಾವುದೋ ಹಳೆಯ ಪ್ರೋಗ್ರಾಮು. ಯಾರು ಕೇಳಿದರೂ ಅದು ಉತ್ತರವನ್ನು ಒಂದೇ ಜಾಗದಲ್ಲಿ ಬರೆದಿಡುತ್ತಿತ್ತು. ಅದನ್ನು ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ. ಅಪೇಕ್ಷಾ ಅದೊಂದಕ್ಕೆ, ಅಷ್ಟಕ್ಕೆ ಮಾತ್ರ, ಸಣ್ಣ ಲಾಕ್ ಹಾಕಿದಳು. ತೊಂಡೆಕಾಯಿ ಮೇಷದಲ್ಲಿ ನೆಲೆ ನಿಂತಿತು.

"ನಂಬೋಣ ಅಂತೀರಾ?" ಎಂದು ಕೌಶಲ್ ಕೇಳಿದ.

"ನಂಬು."

"ಆದ್ರೂ ದೊಡ್ಡ ಲಾಕಿನ ಬಟನ್ ನನ್ನ ಹತ್ರಾನ ಇರ್ತದ. ಗಡಬಡ್ ಆದ್ರ ಇಲ್ಲಿಂದಾನ ಒತ್ತತೀನಿ. ಮತ್ತ ಪಂಚಮಿ ದಿನ ಒತ್ತಬೇಕಾಯ್ತು ಅಂದ್ರ, ಅಕ್ಕಾ..."

"ಗೊತ್ತಾಯ್ತು," ಎಂದಳು ಅವಳು.

ಪಂಚಮಿಯ ದಿನ ಮಳೆ ಬೆಳಗಿನಿಂದಲೇ ಹಿಡಿದಿತ್ತು. ಕುರ್ಲಾ ಕಡೆ ಹಳಿಯ ಮೇಲೆ ನೀರು ನಿಂತು ಗಾಡಿಗಳು ತಡವಾಗಿ, ಬರುವವರೆಲ್ಲ ಒಂದೇ ಅಲೆಯಲ್ಲಿ ಬಂದು ಇಳಿದರು. ಅಂಗಳದ ತುಂಬ ಕೊಡೆ, ಎಳನೀರಿನ ಗೊಂಚಲು, ಹಾಲಿನ ಪ್ಯಾಕೆಟ್ಟು, ಅಡಿಕೆಯ ಹಿಂಗಾರ, ಅರಶಿನದ ಎಲೆ. ಕೌಂಟರುಗಳ ಹಿಂದೆ ಅಪೇಕ್ಷಾ ತನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಳು. ಸಾಲು ನಿಲ್ಲದೆ ಹರಿಯುತ್ತಿತ್ತು. ಜನ ಹೆಸರು ಹೇಳುವುದು, ರಸೀದಿ ಹಿಡಿಯುವುದು, ಒಳಗೆ ನಡೆಯುವುದು. ವಡಾಪಾವಿನವನು ಎರಡು ಸಲ ಬಂದು ಇಣುಕಿ, ಬೇಸರದಿಂದ ಹಿಂದೆ ಹೋದ.

ಊಟದ ತಯಾರಿ ನೋಡುತ್ತಿದ್ದ ಗಂಗಮ್ಮ ಬಂದು, "ನಡೀತಾ ಉಂಟಾ?" ಎಂದರು.

"ಉಂಟು ಅತ್ತೆ."

"ದಾನಮ್ಮ?"

"ಇಲ್ಲ ಅತ್ತೆ."

ಅಷ್ಟರಲ್ಲಿ ನಾಗನ ಕಟ್ಟೆಯ ಕಡೆಯಿಂದ ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು ನೇರ ಕೌಂಟರಿಗೇ ಬಂದಳು. ಠಾಣೆಯ ನಾಕಾ ಸರ್ಕಲ್ಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಜಯಲತಾ ಶೆಟ್ಟಿ. ಅಪೇಕ್ಷಾಳಿಗೆ ಮುಖಪರಿಚಯವಿತ್ತು.

"ಯಾರಮ್ಮ ಈ ಕಂಪ್ಯೂಟರಿನವರು? ಭಟ್ರು ನನ್ನ ಹೆಸರನ್ನು ಯಾರೋ ಕಲ್ಯಾಣದ ರಾವ್ ಒಬ್ಬರ ಜೊತೆ ಸೇರಿಸಿ ಓದಿದರು. ಇಷ್ಟು ವರ್ಷ ಒಬ್ಬರನ್ನು ಸುಧಾರಿಸಿಕೊಂಡು ಬಂದದ್ದೇ ಸಾಕಾಗಿದೆ ಮಾರಾಯ್ತಿ. ನನಗೆ ಇನ್ನೊಬ್ಬರು ಬೇಡ."

ಅವಳ ಹಿಂದೆಯೇ ಇನ್ನಿಬ್ಬರು ಬಂದರು. ಒಬ್ಬರ ಗೋತ್ರ ಬೇರೆಯಾಗಿತ್ತು, ಇನ್ನೊಬ್ಬರಿಗೆ ಇಲ್ಲದ ಮಗ ಇದ್ದ.

ಅಪೇಕ್ಷಾ ಲ್ಯಾಪ್‌ಟಾಪಿನ ಕಡೆ ಬಾಗಿದಳು. ಫೋನ್ ಬಡಿದುಕೊಂಡಿತು. ಕೌಶಲ್.

"ಅಕ್ಕಾ, ಶೆಟ್ಟರ ಫೋನ್ ಬಂದಿತ್ತು. ಮತ್ತ ಮಿಕ್ಸ್ ಆಗಲಿಕ್ಕತ್ತದಂತ. ಲಾಕ್ ಒತ್ತತೀನಿ."

"ಬೇಡ. ಹತ್ತು ನಿಮಿಷ ಕೊಡು."

"ಅಕ್ಕಾ, ಸಾಲು ಉದ್ದ ಆದ್ರ ಬೈತಾರ, ಹೆಂಡತಿ ಬದಲಾದ್ರ ಬಡೀತಾರ."

"ಹತ್ತೇ ನಿಮಿಷ, ಕೌಶಲ್."

ಅವಳು ಫೋನ್ ಇಟ್ಟು, ಜಯಲತಾಳ ರಸೀದಿ ಕೇಳಿ ಪಡೆದಳು. ಗಂಡ, ಹೆಂಡತಿ, ನಕ್ಷತ್ರ, ರಾಶಿ, ಎಲ್ಲ ಸರಿ. ಉಳಿದಿಬ್ಬರ ರಸೀದಿಗಳೂ ಸರಿ. ಸರ್ವರಿನಿಂದ ಹೊರಟದ್ದು ಸರಿಯಾಗಿಯೇ ಹೊರಟಿತ್ತು. ಕೆಡುತ್ತಿದ್ದದ್ದು ಆಮೇಲೆ. ಅವಳು ಚಪ್ಪಲಿ ಕಳಚಿಟ್ಟು ಮಳೆಯಲ್ಲೇ ಕಟ್ಟೆಯ ಕಡೆ ನಡೆದಳು.

ಕಟ್ಟೆಯ ಮೇಲೆ ಇಬ್ಬರು ಭಟ್ಟರಿದ್ದರು. ಒಂದು ಮಗ್ಗುಲಲ್ಲಿ ಮಂದಿರದ ಮುರಾರಿ ಭಟ್ಟರು, ವಯಸ್ಸಾದವರು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವವರು. ಇನ್ನೊಂದು ಮಗ್ಗುಲಲ್ಲಿ, ಜನ ಹೆಚ್ಚಾದರೆಂದು ಕಲ್ಯಾಣದಿಂದ ಕರೆಸಿದ್ದ ಸುಶ್ರುತ ಭಟ್ಟರು. ಅವರ ಬಾಯಿ ಫಾಸ್ಟ್ ಲೋಕಲ್, ದೊಡ್ಡ ಸ್ಟೇಷನ್‌ಗಳಲ್ಲಿ ಮಾತ್ರ ನಿಲ್ಲುವುದು. ಉಳಿದ ದಿನಗಳಲ್ಲಿ ಭಟ್ಟರು ಚೀಟಿಯನ್ನೇ ಹಿಡಿದು ಓದುತ್ತಿದ್ದರು. ಪಂಚಮಿಯ ದಿನ ಹಾಲು, ಎಳನೀರು, ಮಳೆ ಸೇರಿ ಕಾಗದ ಮುದ್ದೆಯಾಗುತ್ತದೆಂದು ಒಂದು ಟ್ಯಾಬ್ಲೆಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಇಬ್ಬರ ನಡುವೆ ಸ್ಟೂಲಿನ ಮೇಲೆ ಇಟ್ಟಿದ್ದರು. ಇಬ್ಬರೂ ಮಡಿಯಲ್ಲಿದ್ದುದರಿಂದ ಅದನ್ನು ಮುಟ್ಟುವಂತಿರಲಿಲ್ಲ. ಮುಟ್ಟಲು ಬೇರೊಬ್ಬರು ಬೇಕಿತ್ತು.

ಆ ಬೇರೊಬ್ಬರು ಅಧ್ಯಕ್ಷ ಗುಣಪಾಲ ಶೆಟ್ಟರು. ಬಿಳಿ ಪಂಚೆ, ಜರಿ ಶಾಲು, ಪ್ಲಾಸ್ಟಿಕ್ ಕುರ್ಚಿ. ಇಂಥ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ತಾವೇ ಕುಳಿತಿದ್ದರು. ತೋರುಬೆರಳನ್ನು ಪರದೆಯಿಂದ ಒಂದು ಅಂಗುಲ ಮೇಲೆ ಎತ್ತಿ ಹಿಡಿದಿದ್ದರು. ಭಟ್ಟರು ಒಂದು ಕುಟುಂಬದ ಸಂಕಲ್ಪ ಮುಗಿಸಿ "ಹೂಂ" ಎಂದ ಕೂಡಲೇ ಬೆರಳು ಇಳಿಯುತ್ತಿತ್ತು, ಪುಟ ತಿರುಗುತ್ತಿತ್ತು.

ಅಪೇಕ್ಷಾ ನಿಂತು ನೋಡಿದಳು. ಮುರಾರಿ ಭಟ್ಟರು ಗೋತ್ರ ಹೇಳಿ, ನಕ್ಷತ್ರ ಹೇಳಿ, ಗಂಡನ ಹೆಸರಿಗೆ ಬಂದಿದ್ದರು. ಆಚೆಯಿಂದ ಸುಶ್ರುತ ಭಟ್ಟರು "ಹೂಂ" ಎಂದರು. ಬೆರಳು ಇಳಿಯಿತು. ಮುರಾರಿ ಭಟ್ಟರು ಕಣ್ಣಿಗೆ ಕಂಡ ಮುಂದಿನ ಹೆಂಡತಿಯನ್ನು ಹಿಂದಿನ ಗಂಡನಿಗೆ ಸೇರಿಸಿ, ರಾಗ ತಪ್ಪದೆ ಮುಂದುವರಿದರು.

ಇನ್ನೊಂದು ಸಲ ನೋಡಿದಳು. ಅದೇ. ಶೆಟ್ಟರ ಬೆರಳಿನಲ್ಲಿ ಎಳ್ಳಷ್ಟೂ ಆಲಸ್ಯವಿರಲಿಲ್ಲ. ಸ್ವಲ್ಪ ಆಲಸ್ಯವಿದ್ದಿದ್ದರೆ ಇಷ್ಟು ಜನ ಕೆಡುತ್ತಿರಲಿಲ್ಲ.

ಈಗ ಮಾಡಬೇಕಾದದ್ದೇನು ಎಂಬುದು ಅವಳಿಗೆ ಸ್ಪಷ್ಟವಿತ್ತು, ಹೇಳುವುದು ಹೇಗೆ ಎಂಬುದು ಇರಲಿಲ್ಲ. ಸರ್ವರ್ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಮನುಷ್ಯ ಇವರೇ. ಅವಳು ಸುಮ್ಮನಿದ್ದರೆ ಕೌಶಲ್ ಲಾಕ್ ಒತ್ತುತ್ತಾನೆ, ಸಾಲು ಬೆಳೆಯುತ್ತದೆ, ಹೆಂಡತಿಯರು ಬದಲಾಗುತ್ತಲೇ ಇರುತ್ತಾರೆ, ಎರಡೂ ತಪ್ಪು ಅವಳ ತಲೆಗೆ ಬರುತ್ತದೆ. ಅವಳು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಮಗಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಮಾತು ತೆಗೆದಳು.

"ಶೆಟ್ರೇ, ಒಂದು ಗಳಿಗೆ ಬೆರಳು ನಿಲ್ಲಿಸ್ತೀರಾ?"

"ನಿಲ್ಲಿಸಿದರೆ ಪೂಜೆ ನಿಲ್ತದೆ ಮಗಾ. ನೀನು ಮೊದಲು ನಿನ್ನ ಕಂಪ್ಯೂಟರ್ ಸರಿ ಮಾಡು. ಜನ ನನ್ನ ಮುಖ ನೋಡ್ತಾ ಇದ್ದಾರೆ."

"ಕಂಪ್ಯೂಟರ್ ಸರಿ ಉಂಟು. ಇಗೊಳ್ಳಿ ರಸೀದಿ, ಮೂರೂ ಸರಿ. ಈಗ ನೀವು ಪುಟ ತಿರುಗಿಸಿದ್ದು ಯಾರ ಹೂಂಗೆ?"

"ಭಟ್ರ ಹೂಂಗೆ."

"ಯಾವ ಭಟ್ರು?"

ಶೆಟ್ಟರು ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ಆ ಹೊತ್ತಿಗೆ ಮುರಾರಿ ಭಟ್ಟರು "ಹೂಂ" ಎಂದರು. ಬೆರಳು ಅಭ್ಯಾಸಬಲದಿಂದ ಇಳಿಯಿತು. ಸುಶ್ರುತ ಭಟ್ಟರು ಓದುತ್ತಿದ್ದ ಕಡೆ ಒಂದು ಕ್ಷಣ ತಡವರಿಸಿ, ಯಾರದೋ ಮಗನನ್ನು ಯಾರಿಗೋ ಕೊಟ್ಟು ಮುಂದೆ ಹೋದರು.

ಶೆಟ್ಟರು ಅದನ್ನು ಕಣ್ಣಾರೆ ಕಂಡರು. ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡರು.

"ಹಾಗಾದರೆ ನನ್ನ ಕೈ ಕೆಟ್ಟದ್ದು ಅಂತೀಯಾ?" ದನಿ ಸಣ್ಣದಾಗಿತ್ತು.

"ಅಲ್ಲ ಶೆಟ್ರೇ. ಓದುವವರು ಇಬ್ಬರು, ಪುಟ ಒಂದು. ಯಾರು ಕೂತರೂ ಹೀಗೇ ಆಗ್ತಿತ್ತು."

"ನೀವೆಂತ ಹೇಳ್ತೀರಿ ಭಟ್ರೇ?"

ಮುರಾರಿ ಭಟ್ಟರು ಹೊಗೆ ಕೂತ ಕನ್ನಡಕವನ್ನು ಮೂಗಿನ ಮೇಲೆ ಏರಿಸಿದರು. "ನಾನು ಬರೆದದ್ದನ್ನು ಓದುವವ. ಬರೆದದ್ದು ಮಧ್ಯದಲ್ಲಿ ಓಡಿ ಹೋದರೆ ನಾನು ಅದರ ಹಿಂದೆ ಓಡಲಿಕ್ಕೆ ಆಗ್ತದಾ? ಮಂತ್ರ ನಿಲ್ಲಿಸಬಾರದು."

ಪರಿಹಾರ ಸುಲಭವಿತ್ತು. ಅಪೇಕ್ಷಾ ಕೌಂಟರಿನಿಂದ ಇನ್ನೊಂದು ಟ್ಯಾಬ್ಲೆಟ್ ತಂದು ಸುಶ್ರುತ ಭಟ್ಟರ ಮುಂದಿಟ್ಟಳು. ಒಬ್ಬರಿಗೆ ಬಂದ ಕುಟುಂಬ ಇನ್ನೊಬ್ಬರಿಗೆ ಹೋಗದ ಹಾಗೆ ಹಂಚಿದಳು. ಅದರ ಪುಟ ತಿರುಗಿಸಲು ಗಂಗಮ್ಮ ಕುಳಿತರು. ಪಕ್ಕದ ಹೂಂಗೆ ಕಿವಿಗೊಡಬಾರದೆಂದು ಸೊಸೆ ಹೇಳಿದ್ದಕ್ಕೆ, "ಯಾರ ಮಾತಿಗೂ ಕಿವಿ ಕೊಡದೆ ಇರಲಿಕ್ಕೆ ನನಗೆ ಹೇಳಿಕೊಡಬೇಕಾ?" ಎಂದು ಸೆರಗು ಸಿಕ್ಕಿಸಿಕೊಂಡರು.

ಉಳಿದದ್ದು ಆಗಲೇ ಅದಲುಬದಲಾದವರ ವಿಚಾರ. ಎಷ್ಟು ಜನ ಎಂದು ಯಾರಿಗೂ ತಿಳಿಯದು. ಶೆಟ್ಟರು ಸ್ವಲ್ಪ ಹೊತ್ತು ಯೋಚಿಸಿ, ಎದ್ದು ಹೋಗಿ ಮೈಕ್ ಹಿಡಿದರು.

"ಭಕ್ತಾದಿಗಳ ಗಮನಕ್ಕೆ. ಕಂಪ್ಯೂಟರಿನ ತಾಂತ್ರಿಕ ದೋಷದಿಂದ ಕೆಲವರ ಸಂಕಲ್ಪದಲ್ಲಿ ವ್ಯತ್ಯಾಸ ಆಗಿದೆ. ಯಾರಿಗೆ ಸಂಶಯ ಉಂಟೋ ಅವರು ಇನ್ನೊಮ್ಮೆ ಕೌಂಟರಿಗೆ ಬಂದು ಹೆಸರು ಹೇಳಬಹುದು. ಖರ್ಚು ಮಂಡಳಿಯದ್ದು."

ಎಲ್ಲರಿಗೂ ಸಂಶಯವಿತ್ತು. ಮನೆಗೆ ಹೊರಟವರು ತಿರುಗಿದರು. ಊಟಕ್ಕೆ ಕುಳಿತವರು ಎದ್ದರು. ತನ್ನ ಹೆಸರನ್ನು ಭಟ್ಟರು ಸ್ಫುಟವಾಗಿ ಹೇಳಿದ್ದನ್ನು ಕೇಳಿ ಕೈಮುಗಿದವರು ಕೂಡ, ನಾಗನ ವಿಷಯದಲ್ಲಿ ಹುಡುಗಾಟ ಬೇಡ ಎಂದು ಮತ್ತೆ ಬಂದರು. ಠಾಣೆಗೆ ಮುಟ್ಟಿದ್ದವರು ಫೋನಿನಿಂದಲೇ ಬರೆಸಿದರು. ಬೆಳಗಿನಿಂದ ಬಂದು ಹೋದ ಜನವೆಲ್ಲ ಈಗ ಒಂದೇ ಉಸಿರಿಗೆ ಸರ್ವರಿನ ಮೇಲೆ ಬಿದ್ದಿತು. ತರಕಾರಿಗಳನ್ನೆಲ್ಲ ಸೇರಿಸಿದರೂ ಅಪೇಕ್ಷಾ ಇಷ್ಟು ದೊಡ್ಡ ಪರೀಕ್ಷೆ ಮಾಡಿರಲಿಲ್ಲ.

ಫೋನ್ ಬಂತು. "ಅಕ್ಕಾ, ಯೇ ಕ್ಯಾ ಹೋ ರಹಾ ಹೈ? ಗ್ರಾಫ್ ಗೋಡೆ ಹತ್ತಿದಂಗ ಹತ್ತಲಿಕ್ಕತ್ತದ. ಮತ್ತ ಹತ್ತು ನಿಮಿಷ ಆಯ್ತು. ಲಾಕ್ ಒತ್ತಲೇನು?"

"ಈಗ ಒತ್ತಿದರೆ ಸಾಲು ಕಲ್ಯಾಣಕ್ಕೆ ಹೋಗ್ತದೆ. ಕೈ ತೆಗಿ."

ಅವಳು ಲ್ಯಾಪ್‌ಟಾಪ್ ನೋಡುತ್ತ ಕುಳಿತಳು. ಥ್ರೆಡ್‌ಗಳೆಲ್ಲ ದುಡಿಯುತ್ತಿದ್ದವು, ತಂತಮ್ಮ ಇಂಟರ್‌ಪ್ರಿಟರಿನಲ್ಲಿ, ಒಂದು ಇನ್ನೊಂದರ ಕಡೆ ತಿರುಗಿ ನೋಡದೆ. ಪಂಚಾಂಗದ ಬಾಗಿಲಲ್ಲಿ ಮಾತ್ರ ಒಂದಿಷ್ಟು ನೂಕುನುಗ್ಗಲು, ಅದೂ ಕೂಡಲೇ ಕರಗುತ್ತಿತ್ತು. ರಸೀದಿಗಳು ಬರುತ್ತಲೇ ಇದ್ದವು. ಅವಳು ಜಯಲತಾ ಶೆಟ್ಟಿಯದನ್ನು ಎರಡನೆಯ ಸಲ ನೋಡಿದಳು. ಅದೇ ಗಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಳ ಖಾಲಿಯಾಗಿ, ಅಡಿಗಡಿಗೆ ಎಳನೀರಿನ ಬುರುಡೆಗಳು ಉಳಿದವು. ಸಾಲು ಗೇಟು ದಾಟಿರಲಿಲ್ಲ. ಶೆಟ್ಟರು ಊಟ ಮುಗಿಸಿ ಬಾಳೆಹಣ್ಣು ಸುಲಿಯುತ್ತಿದ್ದರು. ಅಪೇಕ್ಷಾ ಅವರ ಎದುರು ಹೋಗಿ ನಿಂತಳು. ಅಂದಿನವರೆಗೆ ಅವಳು ಯಾರ ಎದುರೂ ಹಾಗೆ ನಿಂತವಳಲ್ಲ.

"ಶೆಟ್ರೇ, ಮೈಕಿನಲ್ಲಿ ನೀವು ಏನು ಹೇಳಿದರೂ ನನಗೆ ಬೇಜಾರಿಲ್ಲ. ಮಂದಿರದ ಮರ್ಯಾದೆ ಉಳೀಬೇಕು. ಆದರೆ ಕೌಶಲ್‌ಗೆ ನಿಜ ಹೇಳಬೇಕು. ನನ್ನ ಕೆಲಸ ಅದರ ಮೇಲೆ ನಿಂತಿದೆ."

ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಅವರ ಮುಂದೆ ಹಿಡಿದಳು.

ಶೆಟ್ಟರು ಹಣ್ಣು ಪೂರ್ತಿ ತಿಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಕೌಶಲ್, ಶೆಟ್ಟಿ ಮಾತಾಡುದು. ನಿನ್ನ ಕಂಪ್ಯೂಟರ್ ಸರಿ ಉಂಟು. ತಪ್ಪಿದ್ದು ನಮ್ಮಲ್ಲಿ. ಲಾಕ್ ಬೇಕಾಗಿದ್ದದ್ದು ಭಟ್ರುಗಳಿಗೆ." ಬೇರೆ ಕಡೆ ನೋಡುತ್ತ ಸೇರಿಸಿದರು. "ಮತ್ತೆ ನನ್ನ ಬೆರಳಿಗೂ. ಈ ಹುಡುಗಿಯನ್ನು ಬಿಟ್ಟರೆ ನಾನು ನಿನ್ನನ್ನೂ ಬಿಡ್ತೇನೆ, ಗೊತ್ತಾಯಿತಾ? ಕಲ್ಯಾಣದವರಿಗೆ ನಾನೇ ಹೇಳ್ತೇನೆ."

ಫೋನಿನಲ್ಲಿ ಕೆಳಗಿನ ಕಾರ್ಖಾನೆಯ ಯಂತ್ರದ ಸದ್ದು ಕೇಳಿಸುತ್ತಿತ್ತು.

"ಅಕ್ಕಾ," ಎಂದ ಕೌಶಲ್. "ಸೋಮವಾರ ಬರ್ರಿ. ಲೆಟರ್ ಟೈಪ್ ಮಾಡಿಸಿಡ್ತೀನಿ. ಪರ್ಮನೆಂಟ್. ಮತ್ತ ಒಂದ್ ಕೆಲಸ. ಕಲ್ಯಾಣದಾಗ ಭಟ್ರು ಎಷ್ಟ ಮಂದಿ ಅದಾರ ಅಂತ ಮೊದಲ ಕೇಳ್ರಿ."

ಸುಶ್ರುತ ಭಟ್ಟರು ಮಡಿ ಬಿಟ್ಟು, ಶರಟು ಹಾಕಿಕೊಂಡು, ಕಲ್ಯಾಣದ ಗಾಡಿಗೆ ಹೊರಟಿದ್ದರು. ಅಪೇಕ್ಷಾ ಗೇಟಿನ ಹತ್ತಿರ ಅವರನ್ನು ನಿಲ್ಲಿಸಿ ಕೇಳಿದಳು.

"ನಾವು ಮೂವರು," ಎಂದರು ಭಟ್ಟರು. ಆಚೀಚೆ ನೋಡಿ ದನಿ ತಗ್ಗಿಸಿದರು. "ಆದರೆ ಹೇಳಬಾರದು, ಮೂವರಿಗೂ ಪರಸ್ಪರ ಮಾತುಕತೆ ಇಲ್ಲ. ಹೋದ ಸಲದ ಬ್ರಹ್ಮಕಲಶೋತ್ಸವದಿಂದ ಹಾಗೆ. ಒಬ್ಬರ ತಟ್ಟೆ ಇನ್ನೊಬ್ಬರು ಮುಟ್ಟುವುದಿಲ್ಲ. ನಿಮಗೆ ಕೆಲಸ ಮಾಡಲಿಕ್ಕೆ ಕಷ್ಟ ಆದೀತು."

"ಇಲ್ಲ ಭಟ್ರೇ," ಎಂದಳು ಅಪೇಕ್ಷಾ. "ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ."